ತಂತಿ ಬಿಗಿದ ಜಾಯಿಂಟು

ಕೊರ್ತಾಲಿಮ್‌ನ ಕಾಂಕ್ರೀಟ್ ಪ್ಲಾಂಟಿಗೆ ಸಿಮೆಂಟ್ ತರುವ ಬಲ್ಕರ್ ಲಾರಿಗಳ ಪೈಪನ್ನು ಸೈಲೋ ಎಂಬ ಎತ್ತರದ ಉಕ್ಕಿನ ಕಣಜದ ಪೈಪಿಗೆ ಜೋಡಿಸುವುದು ಕಂಠೆಪ್ಪನ ಕೆಲಸ. ಲಾರಿಯ ಎಂಜಿನ್ನಿನಿಂದಲೇ ಓಡುವ ಕಂಪ್ರೆಸರು ಗಾಳಿ ದಬ್ಬಿದರೆ ಅದರಲ್ಲಿದ್ದ ಸಿಮೆಂಟ್ ಹಿಟ್ಟೆಲ್ಲ ಪೈಪಿನಲ್ಲಿ ಮೇಲೇರಿ ಸೈಲೋದೊಳಗೆ ಬೀಳುತ್ತಿತ್ತು.

ಸೈಲೋದ ನೆತ್ತಿಯ ಫಿಲ್ಟರ್ ಕಟ್ಟಿಕೊಂಡು ತಿಂಗಳಾಗಿತ್ತು. ಗಾಳಿಗೆ ಹೊರದಾರಿಯಿಲ್ಲದೆ ಪೈಪು ನಡುಗುತ್ತಿತ್ತು. ಎರಡು ಪೈಪಿನ ಜಾಯಿಂಟನ್ನು ಹಿಡಿದಿಡುವ ಕ್ಲಾಂಪು ಸವೆದಿದ್ದರಿಂದ ತಂತಿ ಬಿಗಿದಿದ್ದರು. ಸೂಪರ್‌ವೈಸರ್ ಯಶವಂತನಿಗೆ ಕಂಠೆಪ್ಪ ಹೇಳಿದಾಗಲೆಲ್ಲ ಒಂದೇ ಉತ್ತರ: "ಆರ್ಡರ್ ಹಾಕೇನಿ. ಬರತೈತಿ."

ಸೋಮವಾರ ಜಾಯಿಂಟು ಹಾರಿತು. ಪಕ್ಕದಲ್ಲೇ ಕಸ ಗುಡಿಸುತ್ತಿದ್ದ ಕಂಠೆಪ್ಪನ ಹೆಂಡತಿ ನೀಲವ್ವನ ಮುಖಕ್ಕೆ ಸಿಮೆಂಟು ನೇರವಾಗಿ ಬಡಿಯಿತು. ಅವಳು ಚೀರುತ್ತಿದ್ದಂತೆ ಕಂಠೆಪ್ಪ ಅವಳ ಮುಖವನ್ನು ನಲ್ಲಿಯ ಕೆಳಗೆ ಹಿಡಿದು ಕಣ್ಣು ತೊಳೆದೇ ತೊಳೆದ. ಎಡಗಣ್ಣು ಉಳಿಯಿತು. ಬಲಗಣ್ಣು ಹೋಯಿತು.

ಬುಧವಾರ ಯಶವಂತ ತನ್ನ ಕ್ಯಾಬಿನ್ನಿಗೆ ಕರೆದು ಕಾಗದವೊಂದನ್ನು ಕಂಠೆಪ್ಪನ ಕೈಗಿಟ್ಟ. "ನೀಲವ್ವ ಸೇಫ್ಟಿ ಕನ್ನಡಕ ಹಾಕಿರಲಿಲ್ಲಂತ ಬರದೇನಿ. ಸಹಿ ಮಾಡು."

"ಕನ್ನಡಕ ಯಾವಾಗ ಕೊಟ್ಟಿದ್ರಿ ನೀವು?"

"ಅದೆಲ್ಲಾ ಈಗ್ಯಾಕ? ಹೋಗಿ ಬಲ್ಕರ್ ಖಾಲಿ ಮಾಡ್ಸು."

ಕಂಠೆಪ್ಪ ಸಹಿ ಮಾಡದೆ ಕಾಗದವನ್ನು ಜೇಬಿಗಿಟ್ಟು ಹೊರಗೆ ಬಂದು ನೋಡಿದ. ಅದೇ ಕ್ಲಾಂಪು. ತಂತಿ ಮಾತ್ರ ಹೊಸದು.

ಅವನ ಮೈಯೆಲ್ಲ ಉರಿದುಹೋಯಿತು. ಕ್ಯಾಬಿನ್ನಿಗೆ ನುಗ್ಗಿ, ಯಶವಂತನ ರಟ್ಟೆ ಹಿಡಿದು ದರದರ ಎಳೆತಂದು ಜಾಯಿಂಟಿನ ಎದುರು ನಿಲ್ಲಿಸಿದ.

"ಇಲ್ಲೇ ನಿಲ್ರಿ. ನಾ ಗಾಳಿ ಬಿಡಸ್ತೇನಿ."

"ತಲಿ ಕೆಟ್ಟೈತೇನ್ ನಿನಗ?" ಯಶವಂತ ಕೊಸರಿಕೊಂಡು ಹಿಂದಕ್ಕೋಡಿದ.

"ಯಾಕ್ರಿ ಓಡ್ತೀರಿ? ನನ್ನ ಹೆಂಡ್ತಿ ನಿಲ್ಲಬಹುದು, ನೀವು ನಿಲ್ಲಬಾರದ?"

ಖಾಲಿಯಾಗಲು ನಿಂತಿದ್ದ ಲಾರಿಯ ಚಾಲಕ ರಾಜಮಹ್ಮದ ಎಂಜಿನ್ ಆರಿಸಿ ಕೆಳಗಿಳಿದ. "ಜಾಯಿಂಟ್ ಬದಲ್ಸೋ ತನಕ ನಾನೂ ಗಾಳಿ ಬಿಡಂಗಿಲ್ರಿ ಸಾಹೇಬ್ರ," ಎಂದು ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಹಿಂದೆ ಬಂದು ನಿಂತ ಎರಡು ಬಲ್ಕರ್‌ಗಳ ಚಾಲಕರೂ ಹಾಗೆಯೇ ಮಾಡಿದರು. ಯಶವಂತ ಬೆವರು ಒರೆಸಿಕೊಳ್ಳುತ್ತ ಫೋನು ಹಚ್ಚಿದ.

ವಾಸ್ಕೋದಿಂದ ಹೊಸ ಕ್ಲಾಂಪು, ಫಿಲ್ಟರ್ ಚೀಲಗಳು ಬಂದಿಳಿದಾಗ ಒಂದು ತಾಸೂ ಆಗಿರಲಿಲ್ಲ.

ಕ್ಲಾಂಪನ್ನು ಕೈಯಲ್ಲಿ ಹಿಡಿದು ಕಂಠೆಪ್ಪ ನಿಂತೇಬಿಟ್ಟ. ಒಂದು ತಾಸಿನ ಮಾತು! ಸಮಾಧಾನವಾಗುವ ಬದಲು ಸಿಟ್ಟು ಇಮ್ಮಡಿಯಾಯಿತು. ಕ್ಲಾಂಪನ್ನು ಯಶವಂತನ ಕಾಲ ಬಳಿ ಎಸೆದ.

"ನೀವ ಜೋಡಿಸ್ರಿ."

"ಆ ಕಾಗದ ಕೊಡು ಇಲ್ಲಿ," ಯಶವಂತ ಕೈ ಚಾಚಿದ.

"ಕೊಡಂಗಿಲ್ಲ. ನೀವು ಬರದ ಸುಳ್ಳು ಲೇಬರ್ ಆಫೀಸಿನವರೂ ಓದ್ಲಿ."

ಜೇಬಿನ ಕಾಗದವನ್ನು ಅಂಗಿಯೊಳಗೆ ತುರುಕಿಕೊಂಡು ಅವನು ಗೇಟು ದಾಟಿ, ಲೇಬರ್ ಆಫೀಸಿದ್ದ ಮಡಗಾಂವ್‌ನ ಬಸ್ಸಿಗೆ ಕೈ ಮಾಡಿದ.