ಮುಟ್ಟಬಾರದ ಕಂಬ

ಸೈಟುಗಳಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಗುಂಯ್ ಮಾವ ಎಂದೇ. ಮೂವತ್ತೆಂಟು ವರ್ಷ ಹಸಿ ಕಾಂಕ್ರೀಟಿನೊಳಗೆ ವೈಬ್ರೇಟರ್ ಇಳಿಸಿ, ಗುಂಯ್ ಅನ್ನಿಸಿ, ಒಳಗಿನ ಗಾಳಿ ಹೊರಡಿಸಿದವನು. ಆ ಯಂತ್ರ ಅವನ ಎಡಗಿವಿಯನ್ನು ತಿಂದುಹಾಕಿತು, ಬೆರಳುಗಳಿಗೆ ನಡುಕ ಬಿಟ್ಟುಹೋಯಿತು. ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು. ಪಿಸುಗುಟ್ಟುವುದನ್ನು ಮಗಳು ಕಲಿತದ್ದು ಶಾಲೆಗೆ ಸೇರಿದ ಮೇಲೆ.

ಆ ಮಗಳು ಈಗ ಕಾಂಕ್ರೀಟ್ ಪರೀಕ್ಷಾಲಯದಲ್ಲಿ. ಅವಳು ಹದ ಮಾಡಿದ ಕಾಂಕ್ರೀಟಿಗೆ ವೈಬ್ರೇಟರೇ ಬೇಡ. ತಾನೇ ಹರಿದು, ಮೂಲೆಮೂಲೆ ತುಂಬಿ, ತಾನೇ ಕೂತುಕೊಳ್ಳುತ್ತದೆ. ಅದಕ್ಕೆ ಹಾಕಿದ್ದೆಲ್ಲ ಬೇರೆಯವರು ಬೇಡವೆಂದದ್ದು: ವಿದ್ಯುತ್ ಸ್ಥಾವರದ ಹಾರುಬೂದಿ, ಅಮೃತಶಿಲೆ ಕೊಯ್ದು ಉಳಿದ ಪುಡಿ, ಕೆಡವಿದ ಹಳೆಯ ನೀರಿನ ಟ್ಯಾಂಕಿನ ಚೂರು. ಆ ಟ್ಯಾಂಕನ್ನು ಗುಂಯ್ ಮಾವ ತನ್ನ ಮದುವೆಯ ವರ್ಷ ಗಟ್ಟಿ ಮಾಡಿದ್ದ.

ಪರೀಕ್ಷೆಗೆ ಆಳೆತ್ತರದ ಒಂದು ಕಂಬ ಎರೆದು, ವಾರದ ನಂತರ ಉದ್ದಕ್ಕೆ ಕೊಯ್ದು ದೊಡ್ಡ ಇಂಜಿನಿಯರಿಗೆ ತೋರಿಸಬೇಕು. ಒಪ್ಪಿದರೆ ಹೊಸ ಟ್ಯಾಂಕಿಗೂ ಇದೇ. ಇಲ್ಲದಿದ್ದರೆ ಚೂರೆಲ್ಲ ಕಸದ ಗುಂಡಿಗೆ.

ಕಂಬ ಎರೆಯುವುದನ್ನು ನೋಡಲು ಬಂದ ಗುಂಯ್ ಮಾವ, ನೀರಲ್ಲಿ ನೆನೆಹಾಕಿದ್ದ ಚೂರೊಂದನ್ನು ಬೆಳಕಿಗೆ ಹಿಡಿದ. "ಎಲ್ಲಾದ್ರೂ ಗಾಳಿತೂತು ಇದೆಯೇನೇ?"

"ಒಂದೂ ಇಲ್ಲಪ್ಪಾ. ಪುಡಿ ಮಾಡೋನು ನಿನಗೆ ಶಾಪ ಹಾಕ್ತಿದ್ದ. ಮಿಷನ್ನಿನ ಹಲ್ಲೇ ಹೋಯ್ತಂತೆ."

ಅವನು ಉಬ್ಬಿಹೋದ. ಈ ಟ್ಯಾಂಕಿನ ಮೇಲಿದ್ದಾಗಲೇ ಹೊಸ ಹೆಂಡತಿ ಊಟ ತಂದು ಕೆಳಗಿನಿಂದ ಗಂಟಲು ಹರಿಯುವಂತೆ ಕೂಗಿದ್ದಳು. ಸದ್ದಿನಲ್ಲಿ ಕೇಳಿಸಿರಲಿಲ್ಲ. ಕೊನೆಗೆ ಬೆನ್ನಿಗೆ ಗುರಿಯಿಟ್ಟು ಒಂದು ಜಲ್ಲಿಕಲ್ಲು ಎಸೆದಿದ್ದಳು. ಅವಳು ಹೋಗಿ ನಾಲ್ಕು ವರ್ಷ.

ಕಾಂಕ್ರೀಟು ಚೆಲ್ಲಿದ ಎಣ್ಣೆಯ ಹಾಗೆ ಮೆಲ್ಲಗೆ ಅಚ್ಚಿನೊಳಗೆ ಇಳಿಯಿತು.

"ಇದೇನೇ, ಸತ್ತ ಮನೆ ಥರ!"

"ಸುಮ್ನೆ ಕೂತ್ಕೋ. ಮುಟ್ಟಬೇಡ."

"ಮುಟ್ಟದೆ ಇರೋಕೆ ಇದೇನು ಮದುಮಗಳಾ?"

ಮಗಳು ಮಿಕ್ಸರ್ ತೊಳೆಸಲು ಹಿತ್ತಲಿಗೆ ಹೋದಳು. ಹುಟ್ಟುಗುಣ ಸುಟ್ಟರೂ ಹೋಗದು. ಮೂಲೆಯಲ್ಲಿ ಹಳೆಯ ವೈಬ್ರೇಟರ್ ಇತ್ತು. ಎರಡೇ ನಿಮಿಷ ಇಳಿಸಿದ. ಗುಂಯ್ ಎಂದಿತು, ಅವನಿಗೆ ಮತ್ತೆ ಇಪ್ಪತ್ತಾರು ವರ್ಷ. ಹಿತ್ತಲಿನ ಮಿಕ್ಸರಿನ ಗಡಗಡದಲ್ಲಿ ಯಾರಿಗೂ ಕೇಳಿಸಲಿಲ್ಲ.

ವಾರದ ನಂತರ ಕಂಬ ಕೊಯ್ದರು. ಮೇಲಿನ ಮೊಳದುದ್ದ ಚೂರೇ ಇಲ್ಲದ ಬರೀ ಸಿಮೆಂಟ್ ಹಿಟ್ಟು. ಬ್ರೇಕ್ ಹಾಕಿದ ಬಸ್ಸಿನ ಪ್ರಯಾಣಿಕರ ಹಾಗೆ ಚೂರುಗಳೆಲ್ಲ ಬುಡದಲ್ಲಿ ಒಂದರ ಮೇಲೊಂದು ಬಿದ್ದಿದ್ದವು.

"ಕಸ ಹಾಕಿದ್ರೆ ಕಸಾನೇ ಬರುತ್ತೆ," ಎಂದರು ದೊಡ್ಡ ಇಂಜಿನಿಯರು. "ಗುಂಡಿಗೆ ಹಾಕಿಸಿ."

ಮಗಳ ಮುಖ ಬೂದಿಯಾಗಿತ್ತು. ಗುಂಯ್ ಮಾವ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಸಾರ್, ತಪ್ಪು ಕಸದ್ದಲ್ಲ, ನನ್ನ ಕೈಯ್ದು. ಕದ್ದು ವೈಬ್ರೇಟರ್ ಆಡಿಸಿದೆ. ನೀರಾದ ಮಾಲು, ಕಲ್ಲು ಮುಳುಗದೆ ಇನ್ನೇನಾಗುತ್ತೆ?"

ಇಂಜಿನಿಯರು ತಲೆ ಕೆರೆದುಕೊಂಡು, ಇನ್ನೊಂದೇ ಕಂಬ ಎಂದು ಹೊರಟರು.

ಮಗಳು ಕೂಗಾಡಲಿಲ್ಲ. ಅವನ ಬಲಗಿವಿಗೆ ಬಾಯಿಟ್ಟು ಪಿಸುಗುಟ್ಟಿದಳು: "ಯಾಕಪ್ಪಾ?"

"ನಮ್ಮ ಟ್ಯಾಂಕಿನ ಚೂರು ಕಣೇ. ಸದ್ದಿಲ್ಲದೆ ಹೇಗೆ ಕಳಿಸ್ಲಿ?"

"ನಿನ್ನ ಬೆರಳು ನೋಡ್ಕೊಂಡೇ ನಾನು ಇದನ್ನ ಮಾಡಿದ್ದು."

ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಎರಡನೆಯ ಕಂಬದಲ್ಲಿ ಚೂರುಗಳು ತುದಿಯಿಂದ ಬುಡದವರೆಗೆ ಸಮನಾಗಿ ನಿಂತಿದ್ದವು. ಅದು ಆಮೇಲಿನ ಮಾತು. ಅದನ್ನು ಎರೆದ ದಿನ ಅವನು ಅಚ್ಚಿನ ಹಲಗೆಗೆ ಅಂಗೈ ಒತ್ತಿ ನಿಂತಿದ್ದ. ಒಳಗಿನ ತಂಪು ಮೊಣಕಾಲೆತ್ತರಕ್ಕೆ, ಸೊಂಟದೆತ್ತರಕ್ಕೆ, ಎದೆಯೆತ್ತರಕ್ಕೆ ಏರುವುದು ಮೇಲೆ ಸರಿಯುವ ಅಂಗೈಗೆ ತಿಳಿಯುತ್ತಿತ್ತು. ಹಲಗೆ ನಡುಗುತ್ತಿರಲಿಲ್ಲ. ನಡುಗುತ್ತಿದ್ದದ್ದು ಅವನ ಕೈಯೊಂದೇ.

ಬೆನ್ನಿಗೆ ಟಕ್ಕೆಂದು ಏನೋ ಬಡಿಯಿತು. ತಿರುಗಿದ. ಕಾಲ ಬಳಿ ಟ್ಯಾಂಕಿನ ಒಂದು ಚೂರು. ಬಾಗಿಲಲ್ಲಿ ಊಟದ ಡಬ್ಬಿ ಹಿಡಿದ ಮಗಳು.

"ಮೂರು ಸಲ ಕರೆದೆ," ಎಂದಳು.