ಬೇಡವಾದ ಕೆನೆಬಣ್ಣ

ನಾನು ಒಂದು ಡಬ್ಬಿ ಕೆನೆಬಣ್ಣ. ಗದಗಿನ ಒಂದು ಅಂಗಡಿಯಲ್ಲಿ ಬಿಳಿ ಬಣ್ಣಕ್ಕೆ ಒಂದಿಷ್ಟು ಹಳದಿ ಬೆರೆಸಿ, ಗರಗರ ತಿರುಗಿಸಿ ನನ್ನನ್ನು ಮಾಡಿದರು. ಪಕ್ಕದಲ್ಲೇ ಬಾದಾಮಿ ಬಣ್ಣ ಹುಟ್ಟಿತು. ಅದಕ್ಕೆ ಬಿದ್ದದ್ದು ಹಳದಿಯ ಬದಲು ಚೂರು ಕೆಂಪು. ಅಷ್ಟೇ ವ್ಯತ್ಯಾಸ. ಆದರೂ ನಾನೇ ಹೆಚ್ಚು ಚಂದ ಎಂಬ ಜಂಬ ನನಗಿತ್ತು.

ಪೇಂಟರ್ ಇಮಾಮಸಾಬ ನಮ್ಮಿಬ್ಬರನ್ನೂ ದೇವಕ್ಕನ ಮನೆಗೆ ಒಯ್ದ. ಆಕೆಯ ಮಗ-ಸೊಸೆಯ ಕೋಣೆಗೆ ಬಣ್ಣ ಆಗಬೇಕಿತ್ತು. ಸೊಸೆ ಸುವರ್ಣಾ ದಿನವಿಡೀ ಅದೇ ಕೋಣೆಯಲ್ಲಿ ಕೂತು ಬಟ್ಟೆ ಹೊಲಿಯುತ್ತಿದ್ದಳು. ಇಮಾಮಸಾಬ ಗೋಡೆಯ ಮೇಲೆ ಅಂಗೈಯಗಲ ನನ್ನನ್ನು, ಅಂಗೈಯಗಲ ಬಾದಾಮಿಯನ್ನು ಬಳಿದು, ಯಾವುದು ಬೇಕೆಂದು ಕೇಳಿದ.

ಸುವರ್ಣಾಳ ಕಣ್ಣು ಬಾದಾಮಿಯ ಮೇಲೇ ನಿಂತಿತು. ನೆಲದ ಮೇಲೆ ಕೂತ ನನಗೆ ಅದು ಚೆನ್ನಾಗಿ ಕಂಡಿತು. ಬಾಯಿ ಮಾತ್ರ ಅತ್ತೆ ಹೇಳಿದಂತೆ ಆಗಲಿ ಎಂದಿತು. ಮದುವೆಯಾಗಿ ಬಂದಾಗಿನಿಂದ ಊಟಕ್ಕೆ, ಉಡುಗೆಗೆ, ತವರಿಗೆ ಹೋಗುವ ದಿನಕ್ಕೆ, ಎಲ್ಲದಕ್ಕೂ ಅವಳದು ಅದೇ ಉತ್ತರವಂತೆ. ದೇವಕ್ಕ ಕೆಟ್ಟವಳಲ್ಲ. ಸೊಸೆಯ ಮನಸ್ಸು ತಿಳಿಯದೆ ಒದ್ದಾಡುತ್ತಿದ್ದಳು. ಹಬ್ಬ ಬಂದರೆ ಇವಳು ಕೆನೆಬಣ್ಣದ ಸೀರೆಯನ್ನೇ ಉಡುತ್ತಾಳಲ್ಲ, ಇದೇ ಇವಳಿಗೆ ಇಷ್ಟವಿರಬೇಕು ಎಂದುಕೊಂಡು ನನ್ನತ್ತ ಕೈ ತೋರಿಸಿದಳು. ನಾನು ಉಬ್ಬಿಹೋದೆ.

ಒಂದು ಗೋಡೆ ಮುಗಿಯುವಷ್ಟರಲ್ಲಿ ಸುವರ್ಣಾಳ ಕಣ್ಣು ತುಂಬಿತ್ತು. ಯಾಕೆಂದು ದೇವಕ್ಕ ಕೇಳಿದಾಗ ಸೆರಗಿನ ತುದಿ ಹಿಡಿದುಕೊಂಡು ಮೆಲ್ಲಗೆ ಹೇಳಿದಳು.

"ಅತ್ತಿ, ನನಗ ಆ ಬಾದಾಮಿ ಬಣ್ಣ ಬೇಕ್ರಿ."

"ಮತ್ತ ಆ ಕೆನೆಬಣ್ಣದ ಸೀರಿ ಹಬ್ಬಕ್ಕೆಲ್ಲಾ ಯಾಕ ಉಡ್ತಿ?"

"ನೀವು ಕೊಟ್ಟೀರಂತ ಉಡ್ತೀನ್ರಿ."

ದೇವಕ್ಕ ನಕ್ಕುಬಿಟ್ಟಳು. ಕೆನೆಬಣ್ಣವೆಂದರೆ ಪ್ರಾಣ ತನಗೇ, ಅದಕ್ಕೇ ಆ ಸೀರೆ ಆರಿಸಿದ್ದು ಎಂದು ಒಪ್ಪಿಕೊಂಡಳು. ಗೋಡೆಯ ಮೇಲೆ ಆಗಲೇ ಒಣಗಿದ್ದ ನನ್ನ ಮೇಲೆ ಬಾದಾಮಿ ಬಂದು ಕೂತಿತು. ಡಬ್ಬಿಯಲ್ಲಿ ಉಳಿದ ನಾನು ದೇವಕ್ಕನ ಅಡುಗೆಮನೆಯ ಗೋಡೆ ಸೇರಿದೆ. ಸುಳ್ಳೇಕೆ ಹೇಳಲಿ, ಮುಖ ಸಣ್ಣದಾಗಿತ್ತು. ಆದರೆ ಒಗ್ಗರಣೆಯ ಹೊಗೆ ತಾಕಿದಾಗಲೆಲ್ಲ ದೇವಕ್ಕ ನನ್ನನ್ನು ಒದ್ದೆಬಟ್ಟೆಯಿಂದ ಒರೆಸಿ ಒರೆಸಿ ಕಾಪಾಡಿಕೊಂಡಳು.

ಈಗ ಹಿತ್ತಲಿನಲ್ಲಿರುವ ನನ್ನ ಖಾಲಿ ಡಬ್ಬಿಯಲ್ಲಿ ದೊಡ್ಡಪತ್ರೆ ಬೆಳೆದಿದೆ. ತಳ ತುಕ್ಕು ಹಿಡಿದಿದೆ. ಅಡುಗೆಮನೆಯ ಗೋಡೆಯ ಮೇಲಿರುವ ನನಗೆ ಅತ್ತೆ ಸೊಸೆಯರ ಮಾತು ಕೇಳಿಸುತ್ತದೆ. ಸುವರ್ಣಾ ಇದು ಬೇಕು, ಅದು ಬೇಡ ಎನ್ನುತ್ತಾಳೆ. ದೇವಕ್ಕ ವಾದಕ್ಕೆ ನಿಲ್ಲುತ್ತಾಳೆ. ಆಮೇಲೆ ಇಬ್ಬರೂ ಕೂತು ಚಹಾ ಕುಡಿಯುತ್ತಾರೆ. ಅದನ್ನು ಕೇಳುತ್ತಾ ನನಗೆ ಮನಸ್ಸು ತುಂಬಿ ಬರುತ್ತದೆ. ಆ ಮನೆಯಲ್ಲಿ ಅವಳು ಮೊಟ್ಟಮೊದಲು ಬೇಡವೆಂದದ್ದು ನನ್ನನ್ನು. ಅವಳ ಬಾಯಿ ಬಿಡಿಸುವ ಭಾಗ್ಯ ನನಗೆ ಸಿಕ್ಕಿತು, ಅದಕ್ಕೆ ನಾನು ಅವಳಿಗೆ ಋಣಿ.