ಕಸಕ್ಕೆ ಹೋದ ಅಚ್ಚುಗಳು

ಹಲ್ಲಿನ ಸೆಟ್ ಮಾಡುವುದರಲ್ಲಿ ಅವನದು ಎತ್ತಿದ ಕೈ. ಹನ್ನೊಂದು ವರ್ಷ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಒಬ್ಬ ಮಾಲೀಕನ ಕೈಕೆಳಗೆ ದುಡಿದು, ಕೊನೆಗೆ ಮನೆಯ ಮುಂದಿನ ಕೋಣೆಯಲ್ಲೇ ಸ್ವಂತ ಕೆಲಸ ಶುರು ಮಾಡಿದ. ಗೋಡೆಯ ಬಣ್ಣ ಇನ್ನೂ ಒಣಗಿರಲಿಲ್ಲ, ಮಾಲೀಕನ ವಕೀಲರಿಂದ ನೋಟಿಸು ಬಂತು: ನಮ್ಮ ವಸ್ತು ಕದ್ದಿದ್ದೀಯ, ನಮಗೆ ಕೆಲಸ ಕೊಡುವ ಡಾಕ್ಟರುಗಳನ್ನು ಸೆಳೆಯುತ್ತಿದ್ದೀಯ, ಅಂಗಡಿ ಮುಚ್ಚು.

ಹಿಂದೆಯೇ ಕೋರ್ಟಿನಲ್ಲಿ ದಾವೆಯೂ ಬಿತ್ತು. ಅವನೂ ಒಬ್ಬ ವಕೀಲೆಯನ್ನು ಹಿಡಿದ.

"ಅಲ್ಲಿ ಬಿಟ್ಟ ಮೇಲೆ ಎರಡು ವರ್ಷ ಈ ಕೆಲಸ ಮಾಡಲ್ಲ ಅಂತ ಸಹಿ ಹಾಕಿದ್ದೀರಲ್ಲ, ಅದು ಕೋರ್ಟಲ್ಲಿ ನಿಲ್ಲೋದು ಕಷ್ಟ. ನನಗೆ ಭಯ ಅದರದ್ದಲ್ಲ. ಅಲ್ಲಿಂದ ಏನಾದ್ರೂ ತಂದಿದ್ದೀರಾ?" ಎಂದು ಆಕೆ ಕೇಳಿದರು.

"ಒಂದು ಗುಂಡುಸೂಜಿ ಕೂಡ ತಂದಿಲ್ಲ ಮೇಡಂ."

"ಯೋಚನೆ ಮಾಡಿ ಹೇಳಿ. ಅಫಿಡವಿಟ್‌ನಲ್ಲಿ ಬರೆದು ಕೊಡ್ತೀವಿ. ಆಮೇಲೆ ಸುಳ್ಳು ಅಂತಾದ್ರೆ ಅಂಗಡಿ ಹೋಗೋದೊಂದೇ ಅಲ್ಲ, ನೀವೂ ಜೈಲಿಗೆ."

ಯೋಚಿಸುವುದೇನಿದೆ ಎಂದು ಅವನು ಸಹಿ ಗೀಚಿದ. ಪಾಪ, ಸುಳ್ಳು ಹೇಳುವ ಜಾಯಮಾನ ಅವನದಲ್ಲ.

ವಾರ ಕಳೆದು ಒಂದು ಮಧ್ಯಾಹ್ನ ಕೋರ್ಟು ನೇಮಿಸಿದ ಅಧಿಕಾರಿ ತಪಾಸಣೆಗೆ ಬಂದರು, ಜೊತೆಗೆ ಮಾಲೀಕನ ಮ್ಯಾನೇಜರ್. ಅಧಿಕಾರಿ ಮೇಜಿನ ಖಾನೆ ಜಾಲಾಡಿದರು, ಮೇಣದ ಡಬ್ಬಿಯನ್ನೂ ಮೂಸಿ ನೋಡಿದರು, ಫೋನಿನ ನಂಬರುಗಳನ್ನು ಒಂದೊಂದಾಗಿ ಓದಿದರು. ಏನೂ ಸಿಗಲಿಲ್ಲ. ಆದರೂ ಮ್ಯಾನೇಜರ್ ಸ್ವಲ್ಪವೂ ಅವಸರವಿಲ್ಲದೆ ನಿಂತಿದ್ದ.

"ಈ ಕೈಚಳಕ ಎಲ್ಲಿಂದ ಬಂತು ಅಂತ ಕೇಳಿ ಸಾರ್. ನಮ್ಮಲ್ಲಿ ಕದ್ದದ್ದೇ," ಎಂದ ಮ್ಯಾನೇಜರ್.

ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಮೈಯೆಲ್ಲ ಉರಿದುಹೋಯಿತು.

"ಕದ್ದದ್ದಾ? ರಜಾ ದಿನಾನೂ ಬಿಡದೆ ಮನೇಲಿ ಕೂತು ಕಲಿತದ್ದು! ಇರಿ, ತೋರಿಸ್ತೀನಿ," ಎಂದು ಒಳಗೆ ಓಡಿ ಒಂದು ಪೆಟ್ಟಿಗೆ ಹೊತ್ತು ತಂದಳು.

ಅದರ ತುಂಬ ರೋಗಿಗಳ ಬಾಯಿಯ ಪ್ಲಾಸ್ಟರ್ ಅಚ್ಚುಗಳು. ಸೆಟ್ ತಯಾರಾದ ಮೇಲೆ ಮಾಲೀಕನ ಕಡೆಯವರು ಅವನ್ನು ಕಸಕ್ಕೆ ಸುರಿಯುತ್ತಿದ್ದರು. ಇವನು ಆರಿಸಿ ತಂದು ಅವುಗಳ ಮೇಲೆ ಕೈ ಪಳಗಿಸಿಕೊಂಡಿದ್ದ. ಕಸ ತಂದದ್ದನ್ನು ಯಾರಾದರೂ ತಂದದ್ದು ಎಂದುಕೊಳ್ಳುತ್ತಾರೆಯೇ? ಇವನಂತೂ ಎಂದುಕೊಂಡಿರಲಿಲ್ಲ.

ಅಧಿಕಾರಿ ಒಂದು ಅಚ್ಚನ್ನು ಬೋರಲು ಹಾಕಿದರು. ತಳದಲ್ಲಿ ಮಾಲೀಕನ ಮೊಹರು. ಪಕ್ಕದಲ್ಲಿ ಡಾಕ್ಟರ ಹೆಸರು, ರೋಗಿಯ ಹೆಸರು, ಎರಡೂ ಇವನದೇ ಕೈಬರಹದಲ್ಲಿ. ಮ್ಯಾನೇಜರ್ ಮೊದಲ ಸಲ ನಕ್ಕ. ಅಫಿಡವಿಟ್‌ಗೆ ಹಾಕಿದ ಸಹಿ ಇವನಿಗೆ ಈಗ ನೆನಪಾಯಿತು. ಬೇಡ ಕಣೇ ಎಂದು ಹೆಂಡತಿಗೆ ಕಣ್ಸನ್ನೆ ಮಾಡಿದರೆ, ಅವಳ ಗಮನವೆಲ್ಲ ಅಧಿಕಾರಿಯ ಮೇಲೆ.

"ಇಷ್ಟೇನಮ್ಮಾ?" ಪೆನ್ನು ತೆರೆಯುತ್ತ ಅಧಿಕಾರಿ ಮೃದುವಾಗಿಯೇ ಕೇಳಿದರು.

"ಇಷ್ಟೇ ಅಂದ್ಕೊಂಡ್ರಾ? ಅಟ್ಟದ ಮೇಲೆ ಇನ್ನೂ ನಾಲ್ಕು ಪೆಟ್ಟಿಗೆ ಇವೆ ಸಾರ್, ತರ್ತೀನಿ ಇರಿ," ಎಂದು ಅವಳು ಹೆಮ್ಮೆಯಿಂದ ಗಂಡನ ಮುಖ ನೋಡಿದಳು.